ಬೆನ್ನು ತೋರ್ಸಿ ಒಲಿಸ್ಕೊಂಡ ಆಡಿನ ಮರಿ

ನಾ ಮನ್ಯಾಗ ಕುಂತು ಬ್ಲೌಸು, ಪೆಟಿಕೋಟು ಹೊಲಿಯೋಳು. ಆಡು ಕುರಿ ಸಾಕಿದ ಮನಿತನ ನಮ್ಮದಲ್ಲ. ಕೊಪ್ಪಳ ಕಡೆ ಕುರಿ ಅಂದ್ರ ಕೆಂಗುರಿ, ಅದೂ ನೂರು ಇನ್ನೂರರ ಹಿಂಡು, ಅಂಥಾ ಮಂದಿ ನಡುವ ಒಂದ ಒಂದು ಆಡಿನ ಮರಿ ತಂದು ಅಂಗಳದಾಗ ಕಟ್ಟಿದ್ರ ನಗಲಾರದ ಏನ್ ಮಾಡ್ತಾರ. ಆದ್ರ ನಮ್ಮತ್ತಿಗೆ ಚಾಕ್ಕ ಆಡಿನ ಹಾಲ ಬೇಕು, ಸಣ್ಣಾಕಿ ಇದ್ದಾಗ ತವರುಮನ್ಯಾಗ ಕುಡದಿದ್ದ ರುಚಿ ಇನ್ನೂ ನಾಲಿಗಿ ಮ್ಯಾಲ ಐತಂತ. ಹೋದ ಬ್ಯಾಸಿಗ್ಯಾಗ ಯುಗಾದಿ ಮುಗದ ಮ್ಯಾಲ ನಾನು ನಮ್ಮನಿಯವ್ರು ಕೂಕನಪಳ್ಳಿ ಸಂತಿಗೆ ಹೋದ್ವಿ.

ಸಂತ್ಯಾಗ ಮಾತಾಡೋದು ಕಡಿಮಿ, ಟವೆಲ್ ಒಳಗ ಕೈ ಹಾಕಿ ಬೆರಳ ಹಿಡದು ರೇಟ್ ಮಾಡ್ತಾರ, ಅದರಾಗ ಏನ್ ನಡೀತು ನಂಗ ಗೊತ್ತಾಗ್ಲಿಲ್ಲ, ಕಡೀಕ 4,800 ಅಂದ್ರು. ನಾ ನೋಡಿದ್ದು ಇಷ್ಟ: ಮೂಗು ಸೋರತೈತೇನು, ಬಾಲದ ಕೆಳಗ ಹೊಲಸು ಮೆತ್ತೇತೇನು, ನಾಕೂ ಕಾಲಿನ ಮ್ಯಾಲ ಸರಿ ನಿಂದ್ರತೈತೇನು. ಮೂರು ತಿಂಗಳ ಹೆಣ್ಣಮರಿ, ಮೈಯೆಲ್ಲ ಕರೇದು, ಹಣಿ ಮ್ಯಾಲ ಅಂಗಿ ಗುಂಡಿಯಷ್ಟು ಬೆಳ್ಳನ ಚುಕ್ಕಿ. ಹೆಸರು ಅಲ್ಲೇ ಇಟ್ಟುಬಿಟ್ಟೆ, ಗುಂಡಿ ಅಂತ. ನಮ್ಮನಿಯವ್ರು ಬಾಯಿ ತಗದು ನೋಡಿದವ್ರ, ಮ್ಯಾಲಿನ ಹಲ್ಲ ಒಂದೂ ಇಲ್ಲ ಮೋಸ ಆತಲ್ಲೇ ಅಂತ ಜಗಳಕ್ಕ ನಿಂತ್ರು, ಸುತ್ತ ಇದ್ದೋರೆಲ್ಲ ಬಿದ್ದು ಬಿದ್ದು ನಕ್ರು. ಆಡಿಗೆ ಮುಂದ ಮ್ಯಾಲಿನ ಹಲ್ಲ ಹುಟ್ಟಾನೂ ಇರಂಗಿಲ್ಲ, ಕೆಳಗ ಅಷ್ಟ ಎಂಟು. ವರ್ಷ ತುಂಬಿ ಒಂದೆರಡು ತಿಂಗಳಿನ್ಯಾಗ ನಡುವಿನ ಎರಡು ಹಾಲಹಲ್ಲ ಬಿದ್ದು ದೊಡ್ಡ ಹಲ್ಲ ಬರ್ತಾವು, ಅದಕ್ಕ ಎರಡ್ ಹಲ್ಲಿಂದು ಅಂತಾರ. ಮೋಸ ಆಗೋದು ವಯಸ್ಸಿನ್ಯಾಗ, ಹಲ್ಲಿನ ಗುಟ್ಟು ತಿಳ್ಕೊಂಡು ಹೋಗ್ರಿ.

ಇನ್ನ ನಾ ಮಾಡಿದ ತಪ್ಪು ಹೇಳ್ತೀನಿ, ಅವೇ ಜಾಸ್ತಿ ಅದಾವು.

ಮೊದಲನೇದು ತಿನ್ಸೋದು. ಬೈಕ್ ಮ್ಯಾಲ ಗೋಣಿಚೀಲದಾಗ ಕುಂದ್ರಿಸಿ ತಲಿ ಹೊರಗ ಬಿಟ್ಟು ಆ ಬಿಸಲಾಗ ತಂದ್ವಿ, ದಾರಿ ತುಂಬ ಅರಚಿ ಅರಚಿ ದನಿ ಬಿದ್ದು ಹೋಗಿತ್ತು. ಪಾಪ ಹಸಗೊಂಡೈತಿ ಅಂತ ಬಾಜೂ ಮನಿಯೋರು ಅನ್ನ ತಂದ್ರು, ನಮ್ಮತ್ತಿ ರೊಟ್ಟಿ ಮುರದು ಹಾಕಿದ್ಲು, ಒಬ್ರು ಜೋಳ ತಂದ್ರು. ಗಬಗಬ ತಿಂತು. ಮರುದಿನ ಹಿಕ್ಕಿ ಹೋಗಿ ನೀರಿನಂಗ ಭೇದಿ. ಸಂತಿಗೆ ಬರೋ ಮೊದಲ ಅದು ಬರೇ ತೊಪ್ಪಲ ತಿಂದು ಬೆಳದ ಮರಿ, ಅನ್ನ ಜೋಳ ಒಮ್ಮೆಲೇ ಹೊಟ್ಟ್ಯಾಗ ಬಿದ್ರ ಹುಳಿ ಆಗಿ ಜೀವಕ್ಕ ಬರ್ತೈತಿ ಅಂತ ದನದ ದವಾಖಾನಿ ಡಾಕ್ಟ್ರು ಬೈದು ಹೇಳಿದ್ರು. ಆಮ್ಯಾಲಿಂದ ಎರಡು ದಿನ ಬೆಲ್ಲ, ಚಿಟಕಿ ಉಪ್ಪು ಹಾಕಿದ ನೀರು, ಒಣ ಶೇಂಗಾ ಹೊಟ್ಟು, ಬ್ಯಾರೇ ಏನಿಲ್ಲ, ಗಟ್ಟಿ ಆತು. ಮಾರೋರಿಗೆ ಕೇಳ್ಬೇಕ್ರಿ, ಇದು ಏನ್ ತಿಂತಿತ್ತು ಅಂತ, ಕೇಳಿ ಒಂದು ವಾರನಾರ ಅದನ್ನೇ ಹಾಕಿ ಆಮ್ಯಾಲ ಸ್ವಲ್ಪ ಸ್ವಲ್ಪ ಬದಲಿ ಮಾಡ್ಬೇಕು. ರೇಟ್ ಕೇಳೋ ಗದ್ದಲದಾಗ ನಾ ಇದೊಂದು ಕೇಳ್ಲಿಲ್ಲ.

ಎರಡನೇ ತಪ್ಪು ಇನ್ನೂ ದೊಡ್ಡದು. ಮೂರನೇ ದಿನ ಕೊಳ್ಳಾಗಿನ ಹಗ್ಗ ಹೆಂಗೋ ತಪ್ಪಿಸ್ಕೊಂಡು ಓಡಿಬಿಡ್ತು, ಮನಿ ಹಿಂದ ಬಳ್ಳಾರಿ ಜಾಲಿ ಕಂಟಿ ಐತಿ, ಅದರಾಗ ಹೊಕ್ಕೊಂತು. ಓಣಿ ಹುಡುಗ್ರೆಲ್ಲ ಹೋ ಅಂತ ಬೆನ್ನ ಹತ್ತಿದ್ರು, ನಾನೂ ಓಡಿದೆ, ಸೀರಿ ಮುಳ್ಳಿಗೆ ಹರಕೊಂಡು ಕಡೀಕ ಹಿಂದಿನ ಕಾಲ ಹಿಡದು ಎಳದು ತಂದೆ. ಸಿಕ್ತಲ್ಲ ಅಂತ ಖುಷಿ ನಂಗ. ಆದ್ರ ಅವತ್ತಿನಿಂದ ನಾ ಅಂಗಳಕ್ಕ ಕಾಲಿಟ್ರ ಸಾಕು, ಗ್ವಾಡಿಗೆ ಅಂಟಿ ನಡುಗೋದು. ನಾ ಕೈಯಾಗ ತೊಪ್ಪಲ ಹಿಡ್ಕೊಂಡು ಬಾ ಬಾ ಅಂತ ಮುಂದ ಹೋದಷ್ಟೂ ಅದು ಹಗ್ಗ ಹರಿಯಂಗ ಜಗ್ಗೋದು. ಕಾಲ ಹಿಡದ ಕೈಯಾಗ ತೊಪ್ಪಲ ಕೊಟ್ರ ಅದಾರ ಹೆಂಗ ನಂಬೀತು.

ಒಂದಿನ ಅಂಗಿ ಕಿಸೆ ಹೊಲಿಸ್ಕೊಳ್ಳಾಕ ಕುರಿ ಕಾಯೋ ಅಜ್ಜ ಒಬ್ರು ಬಂದಿದ್ರು. ಕಟ್ಟಿ ಮ್ಯಾಲ ಕುಂತು ನನ್ನ ಆಟ ನೋಡಿ ನೋಡಿ ಅಂದ್ರು, "ಯವ್ವಾ, ನೀ ಅದನ್ನ ಕಣ್ಣ ಕೀಳದಂಗ ನೋಡ್ಕೋಂತ ಸೀದಾ ಹೋಗ್ತಿಯಲ್ಲ, ತ್ವಾಳ ಬರೋದೂ ಹಂಗ. ಅದಕ್ಕ ನಿನ್ನ ಬೆನ್ನು ತೋರ್ಸು." ನಂಗ ಮೊದಲ ನಗು ಬಂತು. ಆಮ್ಯಾಲ ವಿಚಾರ ಮಾಡಿದ್ರ ಹೌದಲ್ಲ, ನಮ್ಮ ಜಿಲ್ಲಾದಾಗ ತ್ವಾಳ ಇನ್ನೂ ಅದಾವು, ಗಂಗಾವತಿ ಕಡೆ ಬಂಕಾಪುರದಾಗ ತ್ವಾಳಕ್ಕಂತನ ಕಾಡು ಬಿಟ್ಟಾರ, ಈ ಅಜ್ಜಗ ಅವುಗಳ ನಡಿಗಿ ಗೊತ್ತಿರದ ಯಾರಿಗೆ ಗೊತ್ತಿರ್ತೈತಿ. ಆಡಿನ ಕಣ್ಣು ತಲಿ ಎರಡೂ ಬಾಜೂಕ ಅದಾವು, ಕಣ್ಣಗೊಂಬಿ ಅಡ್ಡ ಉದ್ದಕ, ತಲಿ ತಿರಗಸಲಾರದ ಹೆಚ್ಚುಕಡಿಮಿ ಸುತ್ತೂ ಕಾಣ್ತೈತಿ ಅದಕ್ಕ. ಬಾಜೂಕ ಸುಮ್ನ ಕುಂತೋರನ್ನ ಅದು ಆರಾಮ ನೋಡ್ಕೋಂತ ಇರ್ತೈತಿ, ಎದುರಿಂದ ನುಗ್ಗೋರು ಮಾತ್ರ ವೈರಿ.

ಹೊಲಿಗಿ ಮಷೀನ್ ಪಡಸಾಲಿಯಿಂದ ಎತ್ತಿ ಅಂಗಳದ ಬೇವಿನಗಿಡದ ನೆಳ್ಳಿಗೆ ಹಾಕಿದೆ, ಗುಂಡಿಗೆ ಬೆನ್ನು ಮಾಡಿ. ನಂಗೂ ಕೆಲಸ ಆಗ್ಬೇಕಲ್ಲ, ಮದುವಿ ಸೀಸನ್ನು. ನನ್ನ ಸ್ಟೂಲಿನ ಹಿಂದ ಎರಡು ಮಾರು ದೂರದಾಗ ಒಂದು ಬುಟ್ಟ್ಯಾಗ ಕರಿಜಾಲಿ ಕಾಯಿ ಇಟ್ಟೆ. ಮೊದಲನೇ ದಿನ ಮಷೀನ್ ಕಟಕಟ ಅಂದ್ರ ಬೆಚ್ಚಿ ಬೀಳೋದು, ಸಂಜಿಗೆ ಬುಟ್ಟಿ ಖಾಲಿ ಆಗಿತ್ತು ಆದ್ರ ತಿಂದಿದ್ದು ನಾ ಒಳಗ ಹೋದ ಮ್ಯಾಲ. ಎರಡನೇ ದಿನವೂ ಹಂಗ. ಮೂರನೇ ದಿನ ಮಧ್ಯಾಹ್ನ ನಾ ಕಾಜಾ ಮಾಡ್ಕೋಂತ ಕುಂತಾಗ ಹಿಂದ ಕಟಕ್ ಕಟಕ್ ಅಂತ ಕಾಯಿ ಕಡಿಯೋ ಸಪ್ಪಳ ಬಂತು. ತಿರುಗಿ ನೋಡ್ಬೇಕು ಅನ್ನೋ ಆಸಿ ಎಷ್ಟು ಅಂತೀರಿ, ಸೂಜಿ ಬೆರಳಿಗೆ ಚುಚ್ಚಿಕೊಂಡ್ರೂ ತಿರುಗ್ಲಿಲ್ಲ. ದಿನಾ ಬುಟ್ಟಿ ಸ್ವಲ್ಪ ಸ್ವಲ್ಪ ಹತ್ರ ತಂದೆ. ಎಂಟನೇ ದಿನ ಬುಟ್ಟಿ ಇಡಲಿಲ್ಲ, ಕಾಯಿ ತೊಡಿ ಮ್ಯಾಲ ಇಟ್ಕೊಂಡೆ, ಮೂಗಿನ ಬಿಸಿ ಉಸರು ಮೊಣಕೈಗೆ ತಾಕ್ತು.

ಆಡು ಮುಟ್ಟದ ಸೊಪ್ಪಿಲ್ಲ ಅಂತಾರಲ್ಲ, ಮುಟ್ಟೋದು ಖರೆ, ತಿನ್ನೋದಿಲ್ಲ. ನೆಲಕ್ಕ ಬಿದ್ದ ತೊಪ್ಪಲ ಮೂಸಿ ಬಿಡ್ತೈತಿ, ಕಾಲ ಇಟ್ಟ ಹೊಟ್ಟು ಮುಟ್ಟಂಗಿಲ್ಲ, ನೀರಿನ ಬಕೀಟನ್ಯಾಗ ಒಂದು ಹಿಕ್ಕಿ ಬಿದ್ರ ಆ ನೀರು ಬಂದ್. ಅದಕ್ಕ ತೊಪ್ಪಲ ಕಟ್ಟು ಮಾಡಿ ಅದರ ಮುಖದ ಎತ್ತರಕ್ಕ ಜೋತು ಬಿಡ್ಬೇಕು, ಬಕೀಟು ಕಲ್ಲಿನ ಮ್ಯಾಲ ಇಡ್ಬೇಕು.

ಮುಟ್ಟೋದಕ್ಕ ಇನ್ನೂ ನಾಕೈದು ದಿನ ತಗೊಂಡೆ. ತಲಿ ಮ್ಯಾಲಿಂದ ಕೈ ತರಬ್ಯಾಡ್ರಿ, ಹದ್ದು ಬಂದಂಗ ಆಗ್ತೈತಿ ಅದಕ್ಕ. ಕೆಳಗಿಂದ ಗದ್ದದ ಹತ್ರ, ಎದಿ ಮುಂದ, ಆಮ್ಯಾಲ ಕೊಳ್ಳಿನ ಬಾಜೂ. ಅಲ್ಲಿ ಕೆರದ್ರ ಕಣ್ಣು ಅರ್ಧ ಮುಚ್ಚಿ ನಿಂದ್ರತೈತಿ. ನಮ್ಮ ಹುಡುಗ ಹಣಿಗೆ ಅಂಗೈ ಒತ್ತಿ ಗುದ್ದಾಟ ಕಲಿಸಾಕ ಹತ್ತಿದ್ದ, ಅದನ್ನ ಮಾತ್ರ ಬೈದು ನಿಲ್ಲಿಸಿದೆ, ಇವತ್ತು ಮೊಳಕಿ ಕೋಡು ಚಂದ ಕಾಣ್ತೈತಿ, ನಾಳೆ ಬೆಳೆದ ಆಡು ಬಂದು ನಮ್ಮತ್ತಿ ಮೊಣಕಾಲಿಗೆ ಗುದ್ದಿದ್ರ ಯಾರ ಹೊಣಿ.

ಹಗ್ಗದ ವಿಷಯ. ಜೀರಗುಣಿಕಿ ಹಾಕಬ್ಯಾಡ್ರಿ, ಜಗ್ಗಿದಷ್ಟೂ ಬಿಗಿ ಆಗಿ ಕೊಳ್ಳು ಹಿಚಕ್ತೈತಿ. ನಾ ಪೆಟಿಕೋಟ್ ಬಟ್ಟಿ ನಾಕು ಮಡಿಕಿ ಹೊಲದು ಬೆಲ್ಟ್ ಮಾಡಿದೆ, ಒಳಗ ಎರಡು ಬೆರಳು ಆರಾಮ ಹೋಗಂಗ. ಮೊದಲ ಹತ್ತು ನಿಮಿಷ ಅಷ್ಟ ಕಟ್ಟಿ ಬಾಜೂಕ ಕುಂದ್ರೋದು. ನಡಸ್ಕೊಂಡು ಹೋಗುವಾಗ ಅದು ನಿಂತ್ರ ನೀವೂ ನಿಂದ್ರರಿ, ನೀವು ಮುಂದ ಜಗ್ಗಿದ್ರ ಅದು ಹಿಂದ ಜಗ್ತೈತಿ, ಹಟಕ್ಕ ಆಡಿನ ಮುಂದ ನಾವು ಗೆಲ್ಲಂಗಿಲ್ಲ. ಹಗ್ಗ ಸಡ್ಲು ಬಿಟ್ಟು ಅದರ ಬಾಜೂ ಬಂದು ಸೊಂಟದ ಹತ್ರ ಮೆಲ್ಲಕ ತಟ್ಟಿದ್ರ ತಾನ ಹೆಜ್ಜಿ ಇಡ್ತೈತಿ.

ಒಲಿಸ್ಕೊಂಡಿದ್ದರ ಫಾಯದೆ ಏನು ಅಂತ ನಮ್ಮನಿಯವ್ರು ಕೇಳ್ತಿದ್ರು, ಹಾಲಿಗೆ ತಂದಿದ್ದು ಮುದ್ದು ಮಾಡಾಕಲ್ಲ ಅಂತ. ಔಷಧ ಕುಡಿಸೋ ದಿನ ಗೊತ್ತಾತು. ಸಂತಿಯಿಂದ ಬಂದ ಮರಿನ ಮೂರು ವಾರ ಊರಿನ ಬ್ಯಾರೇ ಆಡು ಕುರಿ ಹತ್ರ ಬಿಡಬ್ಯಾಡ ಅಂದಿದ್ರು ಡಾಕ್ಟ್ರು, ಹಿರೇಬ್ಯಾನಿ ಹತ್ತಿದ್ರ ಊರಿಗೂರ ಸಾಲಾಗಿ ಸಾಯ್ತಾವು. ಸುಧಾರಿಸ್ಕೊಂಡ ಮ್ಯಾಲ ಮೊದಲ ಜಂತಿನ ಔಷಧ, ಆಮ್ಯಾಲ ಹಿರೇಬ್ಯಾನಿ ಅಂದ್ರ ಪಿಪಿಆರ್ ಲಸಿಕಿ, ಒಂದು ಸಲ ಹಾಕಿದ್ರ ಮೂರು ವರ್ಷ ಕಾಯ್ತೈತಿ ಅಂದ್ರು. ಕರುಳುಬ್ಯಾನಿದು ಬ್ಯಾರೇ ಲಸಿಕಿ, ಅದನ್ನ ಮಳಿಗಾಲಕ್ಕ ಮೊದಲ ಹಾಕಸ್ಬೇಕು. ಜಂತಿನ ಔಷಧ ತೂಕದ ಲೆಕ್ಕದಾಗ ಇರೋದ್ರಿಂದ ಜೋತು ಬಿಡೋ ತಕ್ಕಡಿಗೆ ಚೀಲದಾಗ ಹಾಕಿ ತೂಗಿದ್ವಿ, 11 ಕಿಲೋ. ಕುಡಸುವಾಗ ತಲಿ ಮ್ಯಾಲಕ್ಕ ಎತ್ತಬ್ಯಾಡ್ರಿ, ಪುಪ್ಪುಸಕ್ಕ ಹೋಗ್ತೈತಿ, ಬಾಯಿ ಸಂದ್ಯಾಗ ಸಿರಿಂಜ್ ಇಟ್ಟು (ಸೂಜಿ ಇಲ್ಲದ್ದು ಮತ್ತ) ಸ್ವಲ್ಪ ಸ್ವಲ್ಪ ಬಿಟ್ರ ಅದು ನುಂಗ್ತೈತಿ. ಗುಂಡಿ ನನ್ನ ಎರಡು ಮೊಣಕಾಲ ನಡುವ ನಿಂತು ಕುಡೀತು. ಬಾಜೂ ಮನಿ ಮರಿಗೆ ಅವತ್ತ ನಾಕು ಮಂದಿ ಬೇಕಾತು, ಅರ್ಧ ಔಷಧ ಅವರ ಅಂಗಿ ಮ್ಯಾಲ.

ವಾರಕ್ಕೊಮ್ಮೆ ಕಣ್ಣಿನ ಕೆಳಗಿನ ರೆಪ್ಪಿ ಜಗ್ಗಿ ನೋಡ್ತೀನಿ, ಒಳಗ ಕೆಂಪಗ ಇದ್ರ ಛಲೋ, ಬಿಳಚಿದ್ರ ಹೊಟ್ಟ್ಯಾಗ ಜಂತು ರಕ್ತ ಹೀರಾಕ ಹತ್ತೇತಿ ಅಂತ ತಿಳಿಯೋದು. ಒಂದಿನ ಮಂಕ ಕುಂತಿತ್ತು ಅಂತ ಥರ್ಮಾಮೀಟರ್ ಇಟ್ಟು ನೋಡಿದ್ರ 102.8 ಬಂತು, ಗಾಬರಿ ಆಗಿ ದನಕರದ ಸಹಾಯವಾಣಿ 1962ಕ್ಕ ಫೋನ್ ಮಾಡಿದೆ, ಆ ಕಡಿಯೋರು ನಕ್ಕು, ಅಕ್ಕಾರ 101.5 ರಿಂದ 103.5 ಆಡಿಗೆ ಸರಿ ಐತ್ರಿ, ಮೆಲಕು ಹಾಕ್ತೈತೇನು ನೋಡ್ರಿ ಅಂದ್ರು. ನೋಡಿದ್ರ ಕುಂತಲ್ಲೇ ಮೆಲಕು ಹಾಕ್ಕೋಂತ ಇತ್ತು. ಬಿಸಲಿಗೆ ಜೊಂಪು ಹತ್ತಿತ್ತು ಅಷ್ಟ.

ಖರೇ ತ್ರಾಸು ಅಂದ್ರ ರಾತ್ರಿ. ಆಡು ಗುಂಪಿನ ಜೀವ, ಒಂಟಿ ಇದ್ರ ಅಳ್ತೈತಿ. ಹಗಲು ನಾ ಇರ್ತಿದ್ದೆ, ರಾತ್ರಿ ಬಾಗಲ ಹಾಕಿದ ಕೂಡ್ಲೇ ಶುರು, ಓಣಿಯವ್ರು ಮುಂಜಾನೆ ಮುಖ ಗಂಟು ಹಾಕ್ಕೊಂಡು ನೋಡೋರು. ನಾಯಿ ಕಾಟ ಬ್ಯಾರೇ. ಹತ್ತು ದಿನ ನಮ್ಮತ್ತಿ ಅಂಗಳದಾಗ ಹೊರಸು ಹಾಕ್ಕೊಂಡು ಅದರ ಬಾಜೂ ಮಲಗಿದ್ಲು, ನನ್ನ ಚಾದ ಸಲುವಾಗಿ ಇಷ್ಟೆಲ್ಲ ಅಂತ ತಾನ ಬೈಕೊಂಡು. ಕಡೀಕ ಮೂರು ವಾರ ಮುಗದ ಮ್ಯಾಲ ಇನ್ನೊಂದು ಮರಿ ತಂದ್ವಿ, ನಮ್ಮೂರಾಗ ಪರಿಚಯದವರ ಮನಿದು, ರೋಗ ಇಲ್ಲ ಅಂತ ಗೊತ್ತಿದ್ದದ್ದು. ಅವತ್ತ ರಾತ್ರಿನ ಅಳು ನಿಂತು ಹೋತು. ಒಂದ ಆಡು ಸಾಕ್ತೀನಿ ಅನ್ನೋರಿಗೆ ನಾ ಹೇಳೋದು ಎರಡು ತರ್ರಿ, ಇಲ್ಲಾಂದ್ರ ತರಬ್ಯಾಡ್ರಿ. ಹೊಸ ಮರಿನ್ನ ನಾ ಒಲಿಸೋ ಕೆಲಸಾನೂ ಬೀಳಲಿಲ್ಲ, ಗುಂಡಿ ನನ್ನ ತೊಡಿ ಮ್ಯಾಲ ಕಾಲಿಟ್ಟು ಕಾಯಿ ತಿನ್ನೋದು ನೋಡಿ ನಾಕ ದಿನಕ್ಕ ಅದೂ ಬಂತು.

ಹೊಲದ ಕಡೆ ಬಿಡುವಾಗ ಒಂದು ಎಚ್ಚರ. ಜೋಳ ಕೊಯ್ದ ಮ್ಯಾಲ ಒಡೆಯೋ ಕೂಳಿ, ಮಳಿ ಇಲ್ಲದ ಬಾಡಿದ ಎಳೀ ಜೋಳ ತಿಂದ್ರ ವಿಷ ಏರಿ ನೋಡ್ನೋಡ್ತ ಬೀಳ್ತಾವು, ನಮ್ಮ ಮಾವನೋರ ಕಾಲದಾಗ ಒಬ್ಬರದು ಒಂದ ಮಧ್ಯಾಹ್ನ ಆರು ಆಡು ಹೋಗಿದ್ವಂತ. ಔಷಧ ಹೊಡದ ಹತ್ತಿ, ತೊಗರಿ ಹೊಲ, ಕಣಗಲ ಗಿಡ, ಕಾಲುವಿ ದಂಡಿ ಬೇಶರಂ ಗಿಡ ಇವೂ ಬ್ಯಾಡ. ಈಗ ಬುಟ್ಟಿ ಬಡದು ಗುಂಡೀ ಅಂದ್ರ ಅಷ್ಟು ದೂರದಿಂದ ಓಡಿ ಬರ್ತೈತಿ, ಬೆನ್ನ ಹತ್ತೋ ಕೆಲಸ ಇಲ್ಲ.

ಹೊಲಿಯೋರ ಮನ್ಯಾಗ ಮಾತ್ರ ಇನ್ನೊಂದು ಅಪಾಯ ಐತಿ, ಬಟ್ಟಿ ತುಂಡು, ದಾರ. ತಿಂದ್ರ ಹೊಟ್ಟ್ಯಾಗ ಉಂಡಿಗಟ್ಟಿ ಕುಂದ್ರತಾವು, ಪ್ಲಾಸ್ಟಿಕ್ಕೂ ಹಂಗ. ಮಷೀನಿಗೆ ಒಂದು ಚೀಲ ಕಟ್ಟಿ ಎಲ್ಲ ತುಂಡೂ ಅದರಾಗ ಹಾಕ್ತೀನಿ, ಸೂಜಿ ಎಣಿಸಿ ಡಬ್ಬಿಗೆ ಇಡ್ತೀನಿ. ಇಷ್ಟೆಲ್ಲ ಮಾಡಿದ್ರೂ ಮೊನ್ನೆ ಗಿರಾಕಿ ಅಳತಿ ತಗೊಳ್ಳುವಾಗ ಟೇಪ್ ಹುಡುಕಿದ್ರ ಗುಂಡಿ ಬಾಯಾಗಿತ್ತು, ಕಸಗೊಂಡು ನೋಡಿದ್ರ 1 ರಿಂದ 9 ಇಂಚು ಇಲ್ಲ. ಎರಡು ದಿನ ಅದರ ಹಿಕ್ಕಿ ಕಡ್ಡಿಲೇ ಕೆದರಿ ಕೆದರಿ ನೋಡಿದೆ. ಟೇಪ್ ತುಂಡು ಮೂರನೇ ದಿನ ಬೇವಿನಗಿಡದ ಬುಡಕ ಸಿಕ್ತು, ಜಗದು ಉಗುಳಿತ್ತು. ಈಗ 10 ರಿಂದ ಎಣಿಸಿ ಅಳತಿ ತಗೀತೀನಿ.