ಹೆಡರ್‌ಗೆ ಪಟ್ಟಿ ಸುತ್ತುವ ಮೊದಲು ತಗಡು ಕಟ್ಟಿ

ಗೋವಾದಿಂದ ಚೋರ್ಲಾ ಘಾಟ್ ಏರಿ ಬಂದು ಕಣಕುಂಬಿಯಲ್ಲಿ ಚಹಾಕ್ಕೆ ನಿಲ್ಲಿಸಿದ್ದೆ. ಹತ್ತು ನಿಮಿಷ ಬಿಟ್ಟು ಚಾವಿ ತಿರುಗಿಸಿದರೆ ಕಾರು ಉಸಿರೆತ್ತಲಿಲ್ಲ. ಬಾನೆಟ್ ಎತ್ತಿದೆ: ಸ್ಟಾರ್ಟರ್ ವೈರಿನ ಹೊದಿಕೆ ಕರಗಿ ತಾಮ್ರ ಹೊಳೆಯುತ್ತಿತ್ತು. ಪಕ್ಕದ ಹೆಡರ್ ಪೈಪಿಗೆ, ಅಂದರೆ ಎಂಜಿನ್ನಿನ ಬಿಸಿ ಹೊಗೆಯನ್ನು ಹೊರಗೊಯ್ಯುವ ಪೈಪಿಗೆ, ಬಿಸಿ ತಡೆಯುವ ದುಬಾರಿ ಪಟ್ಟಿಯನ್ನು ನಾನೇ ಸುತ್ತಿದ್ದೆ. ಓಡುವಾಗ ಗಾಳಿ ಬಿಸಿಯನ್ನು ಒಯ್ಯುತ್ತದೆ. ನಿಲ್ಲಿಸಿದ ಮೇಲೆ ಕಾದ ಕಬ್ಬಿಣ ಸುತ್ತಲಿನದನ್ನೆಲ್ಲ ಬೇಯಿಸುತ್ತದೆ.

ಹೆಡರ್ ಹಾಕಿಸುವವರು ಬಿಸಿಗೆ ಅಡ್ಡವಾಗಿ ಕಂಪನಿ ಕೂರಿಸಿದ ತಗಡನ್ನು ಗುಜರಿಗೆ ಎಸೆದು, ಬದಲಿಗೆ ಪಟ್ಟಿ ಸುತ್ತಿಸಿ ಕೈ ತೊಳೆದುಕೊಳ್ಳುತ್ತಾರೆ. ಕೆಲಸದ ಕ್ರಮ ಉಲ್ಟಾ ಆಗಬೇಕು.

ಮೊದಲು ಆಯಿಲ್ ಸೋರಿಕೆ ನಿಲ್ಲಿಸಿ. ಆಯಿಲ್ ಕುಡಿದ ಪಟ್ಟಿ ದೀಪದ ಬತ್ತಿಯಿದ್ದಂತೆ.

ಆಮೇಲೆ ಅಳತೆ. ಘಾಟ್ ಅಥವಾ ಲಾಂಗ್ ಡ್ರೈವ್ ಮುಗಿಸಿ ಎಂಜಿನ್ ಆಫ್ ಮಾಡಿ, ಐದು ನಿಮಿಷ ಬಿಟ್ಟು ವೈರು, ಹೋಸುಗಳ ಬಿಸಿ ನೋಡಿ. ಮುಟ್ಟದೆ ದೂರದಿಂದಲೇ ಬಿಸಿ ಅಳೆಯುವ ಗನ್ ಥರ್ಮಾಮೀಟರ್ ಹೊಳೆಯುವ ಲೋಹದ ಮೇಲೆ ಸುಳ್ಳು ಹೇಳುತ್ತದೆ, ನಿಜಕ್ಕಿಂತ ಕಡಿಮೆ ತೋರಿಸುತ್ತದೆ. ಅಲ್ಲಿ ಮಂದ ಕಪ್ಪು ಬಣ್ಣದ ಬೊಟ್ಟಿಟ್ಟು ಅಳೆಯಿರಿ. ಸಾಮಾನ್ಯ ಪಿವಿಸಿ ವೈರು 105 ಡಿಗ್ರಿ ದಾಟಿದರೆ ಬಾಳುವುದಿಲ್ಲ.

ಈಗ ತಗಡು. ಜನ ಎಡವುವುದು ಇಲ್ಲೇ. ಬಿಸಿಯನ್ನು ತಡೆಯುವುದು ತಗಡಿನ ದಪ್ಪವಲ್ಲ, ಅದರ ಹೊಳಪು ಮತ್ತು ಪೈಪಿಗೂ ತಗಡಿಗೂ ನಡುವಿನ ಗಾಳಿ. ಒಂದು ಮಿಲಿಮೀಟರ್ ಅಲ್ಯೂಮಿನಿಯಂ ಸಾಕು. ಬೆಳಗಾವಿಯ ಉದ್ಯಮಬಾಗಿನ ಗುಜರಿ ಅಂಗಡಿಯಲ್ಲಿ ತುಂಡು ಹುಡುಕಿ. ಮೊದಲು ರಟ್ಟಿನಲ್ಲಿ ಅಚ್ಚು ಕತ್ತರಿಸಿ ಕೂರಿಸಿ ನೋಡಿ, ಆಮೇಲೆ ತಗಡು ಮುಟ್ಟಿ. ಪೈಪಿನಿಂದ ಕನಿಷ್ಠ 15 ಮಿಲಿಮೀಟರ್ ದೂರವಿರಲಿ, ಮೇಲೆ ಕೆಳಗೆ ತೆರೆದಿರಲಿ. ಕೆಳಗಿನಿಂದ ತಂಪು ಗಾಳಿ ನುಗ್ಗಿ ಮೇಲಕ್ಕೆ ಬಿಸಿ ಹೋಗಬೇಕು. ಪೆಟ್ಟಿಗೆಯಂತೆ ಮುಚ್ಚಿದರೆ ಒಲೆ ಕಟ್ಟಿದಂತಾಗುತ್ತದೆ. ಬೋಲ್ಟಿನ ಕೆಳಗೆ ಉಕ್ಕಿನ ಬುಷ್ (ಚಿಕ್ಕ ಕೊಳವೆ ತುಂಡು) ಇಟ್ಟು ತಗಡನ್ನು ಎತ್ತರಿಸಿ. ಪ್ಲಾಸ್ಟಿಕ್ ಟೈ ಹಾಕಿ ಕಟ್ಟುವವನ ಗ್ಯಾರೇಜಿಗೆ ಹೋಗಲೇಬೇಡಿ.

ಎಂಜಿನ್ ರಬ್ಬರ್ ಮೌಂಟಿನ ಮೇಲೆ ತೂಗುತ್ತದೆ, ಹೆಡರ್ ಅದರೊಂದಿಗೆ ಅಲುಗುತ್ತದೆ. ತಗಡನ್ನು ಕಾರಿನ ಬಾಡಿಯ ಮೇಲೆ ಬಿಗಿದಿದ್ದರೆ ಆಕ್ಸಿಲರೇಟರ್ ಒತ್ತಿದಾಗ ಎರಡೂ ಬಡಿದುಕೊಂಡು ಗಲಗಲ ಸದ್ದು. ನಾನು ಹೀಗೆ ನೋಡುತ್ತೇನೆ: ಎಂಜಿನ್ ತಣ್ಣಗಿರುವಾಗ ತಗಡಿನ ಒಳಮೈಗೆ ಚಪಾತಿ ಹಿಟ್ಟಿನ ಉಂಡೆ ಅಂಟಿಸುವುದು, ಬ್ರೇಕ್ ಒತ್ತಿ ಹಿಡಿದು ಗೇರ್‌ನಲ್ಲಿ ಕ್ಲಚ್ಚನ್ನು ಸ್ವಲ್ಪವೇ ಬಿಟ್ಟು ಎಂಜಿನ್ ಎಳೆಯುವಂತೆ ಮಾಡುವುದು. ಕಾರಿನ ಮುಂದೆ ಯಾರೂ ನಿಲ್ಲಬಾರದು. ರಿವರ್ಸ್‌ನಲ್ಲೂ ಹಾಗೇ, ಆಗ ಹಿಂದೆ ಯಾರೂ ಇರಬಾರದು. ಉಂಡೆ ಚಪ್ಪಟೆಯಾಗಿ ಉಳಿದ ದಪ್ಪವೇ ನಿಜವಾದ ಅಂತರ. ಅದು ಹತ್ತು ಮಿಲಿಮೀಟರಿಗಿಂತ ಕಡಿಮೆಯಾದರೆ ತಗಡು ಬಗ್ಗಿಸಿ. ಹಿಟ್ಟು ತೆಗೆಯಲು ಮರೆಯಬೇಡಿ.

ವೈರುಗಳಿಗೆ ತೋಳಿನಂತಹ ಹೊಳೆಯುವ ಹೊದಿಕೆ ಹಾಕಿ, ಆದರೆ ಮೊದಲು ಅವನ್ನು ದೂರ ಸರಿಸಿ. ಬ್ರೇಕ್ ಪೈಪಿನ ಬಳಿ ಜಿಪುಣತನ ಬೇಡ: ನೀರು ಹೀರಿದ ಡಾಟ್ 3 ಬ್ರೇಕ್ ಆಯಿಲ್ 140 ಡಿಗ್ರಿಗೇ ಕುದಿಯಬಹುದು.

ಪಟ್ಟಿ ಸುತ್ತಲೇಬೇಕೆಂದರೆ ಸ್ಟೀಲ್ ಹೆಡರ್‌ಗೆ ಮಾತ್ರ. ಹೆಡರ್ ಬದಲು ಕಂಪನಿ ಹಾಕುವ ಬೀಡು ಕಬ್ಬಿಣದ ಮ್ಯಾನಿಫೋಲ್ಡ್‌ಗೆ ಸುತ್ತಿದರೆ ಅದು ಬಿರಿಯಬಹುದು. ಕೈಗೆ ಗ್ಲೌಸ್, ಮುಖಕ್ಕೆ ಮಾಸ್ಕ್, ಪ್ರತಿ ಸುತ್ತು ಹಿಂದಿನ ಸುತ್ತಿನ ಕಾಲಂಶದ ಮೇಲೆ, ತುದಿಗೆ ಉಕ್ಕಿನ ಟೈ ಬಿಗಿ. ಮೈಲ್ಡ್ ಸ್ಟೀಲ್ ಪೈಪಾದರೆ ಮಳೆಗಾಲದ ತೇವ ಒಳಗೆ ಕುಳಿತು ತುಕ್ಕು ತಿನ್ನುತ್ತದೆ. ಅಗ್ಗಕ್ಕೆ ಸಿಗುವ ಆಸ್ಬೆಸ್ಟಾಸ್ ಹಗ್ಗವನ್ನು ಮುಟ್ಟಬೇಡಿ, ಅದರ ನಾರು ಶ್ವಾಸಕೋಶ ಸೇರಿದರೆ ಹೊರಬರುವುದಿಲ್ಲ.

ಮೊದಲ ಓಟದಲ್ಲಿ ಪಟ್ಟಿ ಹೊಗೆಯಾಡುತ್ತದೆ, ಗಾಬರಿ ಬೇಡ. 500 ಕಿಲೋಮೀಟರ್ ಆದ ಮೇಲೆ ಎಲ್ಲ ಬೋಲ್ಟುಗಳನ್ನು ಮತ್ತೊಮ್ಮೆ ಬಿಗಿಯಿರಿ, ತಗಡಿಗೆ ಅಂಟಿದ ಕೆಸರು ಒರೆಸಿ. ಹೊಳಪು ಹೋದರೆ ಅದರ ಅರ್ಧ ಕೆಲಸ ಹೋದಂತೆ.