ಮಗನ ಸ್ಕಿಜೋಫ್ರೇನಿಯಾ: ಮನೆಯಲ್ಲಿ ನಾನು ಮಾಡುವುದು

ಡಿಗ್ರಿ ಓದುವಾಗ ನನ್ನ ಮಗನಿಗೆ ಸ್ಕಿಜೋಫ್ರೇನಿಯಾ ಶುರುವಾಯಿತು. ಡಾಕ್ಟರು ತಿಂಗಳಿಗೊಮ್ಮೆ ನೋಡುತ್ತಾರೆ, ಮಾತ್ರೆ ಬರೆಯುತ್ತಾರೆ. ಉಳಿದ ದಿನಗಳೆಲ್ಲ ನಮ್ಮವೇ ಅಲ್ವಾ?

ಅವನಿಗೆ ದನಿಗಳು ಕೇಳಿಸುತ್ತವೆ. ಓಣಿಯವರು ತನ್ನನ್ನೇ ಆಡಿಕೊಳ್ಳುತ್ತಿದ್ದಾರೆ ಅನ್ನಿಸುತ್ತದೆ. "ಅವ್ವಾ, ನಿನಗ ಕೇಳಸವಲ್ದೇನು?" ಅನ್ನುತ್ತಾನೆ. ಹೌದು ಅಂದರೆ ಸುಳ್ಳು, ಎಲ್ಲಾ ನಿನ್ನ ಭ್ರಮೆ ಅಂದರೆ ಜಗಳ. "ನನಗ ಕೇಳಸವಲ್ದಪ್ಪ. ಆದ್ರ ನಿನಗ ಅಂಜಿಕಿ ಆಗೈತಲ್ಲ, ಬಾ, ಇಲ್ಲೇ ಕುಂದ್ರು" ಅನ್ನುತ್ತೇನೆ. ರೊಟ್ಟಿ ಮಾಡುವ ಹೊತ್ತಾದರೆ ಹಿಟ್ಟು ನಾದಲು ಕೊಡುತ್ತೇನೆ. ಕೈಗೆ ಕೆಲಸವಿದ್ದರೆ ದನಿ ಸಣ್ಣದಾಗುತ್ತದಂತೆ, ಅವನೇ ಹೇಳಿದ್ದು.

ಅವನೆದುರು ಪಿಸುಗುಡಬಾರದು, ಅವನು ಬಂದ ಕೂಡಲೇ ಮಾತು ನಿಲ್ಲಿಸಬಾರದು ಅಂತ ಮನೆಯವರಿಗೆಲ್ಲ ಹೇಳಿಟ್ಟಿದ್ದೇನೆ. ಸೋಮಾರಿ ಅಂತೂ ಅನ್ನಲೇಬಾರದು. ಹಾಸಿಗೆ ಬಿಟ್ಟು ಏಳದಿರುವುದು, ಸ್ನಾನ ಬೇಡ ಅನ್ನುವುದು, ಇವೂ ಕಾಯಿಲೆಯವೇ. ಚುಚ್ಚುಮಾತು ಜಾಸ್ತಿಯಿದ್ದ ಮನೆಯಲ್ಲಿ ಕಾಯಿಲೆ ಮರುಕಳಿಸುವುದೂ ಜಾಸ್ತಿ.

ನಾನು ಕಾಯುವುದು ಅವನ ನಿದ್ದೆಯನ್ನು. ಸಾಲಾಗಿ ಎರಡು ರಾತ್ರಿ ನಿದ್ದೆ ಕೆಟ್ಟರೆ, ಕಿಟಕಿ ಮುಚ್ಚತೊಡಗಿದರೆ, ಮುಂದಿನ ತಾರೀಖಿನವರೆಗೆ ಸುಮ್ನೆ ಕೂರುವುದಿಲ್ಲ, ಡಾಕ್ಟರಿಗೆ ಫೋನ್ ಮಾಡುತ್ತೇನೆ. ರಾತ್ರಿ ಯಾರೂ ಸಿಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್, 14416. ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೊಡಬೇಕಿಲ್ಲ.

ರಾಯಚೂರಿನ ಬೇಸಿಗೆಯದೇ ಒಂದು ದೊಡ್ಡ ಕಥೆ. ಈ ಮಾತ್ರೆಗಳಲ್ಲಿ ಕೆಲವು ಮೈಯ ಕಾವು ಹತೋಟಿಗೆ ಬರದಂತೆ ಮಾಡುತ್ತವೆ. ಅವುಗಳಿಂದಾಗುವ ಕೈನಡುಕ, ಬಿಗಿತಕ್ಕೆ ಕೊಡುವ ಟ್ರೈಹೆಕ್ಸಿಫೆನಿಡಿಲ್ ಮಾತ್ರೆ ಬಾಯಿ ಒಣಗಿಸುತ್ತದೆ, ಬೆವರನ್ನೂ ಕಡಿಮೆ ಮಾಡುತ್ತದೆ. ಬಿಸಿಲು 40 ಡಿಗ್ರಿ ದಾಟಿದಾಗಲೂ ನನ್ನ ಮಗ ಶರ್ಟಿನ ಮೇಲೆ ಶರ್ಟು ಹಾಕಿಕೊಂಡು ಕೂತಿರುತ್ತಾನೆ. ಸೆಕೆ ಅನ್ನುವುದಿಲ್ಲ, ನೀರೂ ಕೇಳುವುದಿಲ್ಲ. ಹಾಗಾಗಿ ಕೇಳದಿದ್ದರೂ ಮಜ್ಜಿಗೆ ಲೋಟ ಕೈಗಿಡುತ್ತೇನೆ, ಕುಡಿದು ಮುಗಿಸುವವರೆಗೂ ಅಲ್ಲೇ ಇರುತ್ತೇನೆ. ಮೈ ಸುಡುತ್ತಾ, ಕೈಕಾಲು ಸೆಟೆದು, ಮಾತು ತೊದಲಿದರೆ ಮಾತ್ರ ಮನೆಮದ್ದಿನ ಮಾತೇ ಇಲ್ಲ, ನೇರ ಆಸ್ಪತ್ರೆ.

ಮಾತ್ರೆ ಜಿಲ್ಲಾ ಆಸ್ಪತ್ರೆಯಲ್ಲಿ ಸಿಗುತ್ತದೆ. ಇದರ ಬೇರು ನಮ್ಮ ಪಕ್ಕದಲ್ಲೇ ಇದೆ. 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಬಳ್ಳಾರಿ ಜಿಲ್ಲೆಯ ಸಾಮಾನ್ಯ ಡಾಕ್ಟರು, ಆರೋಗ್ಯ ಕಾರ್ಯಕರ್ತರಿಗೇ ತರಬೇತಿ ಕೊಟ್ಟು ಮನೋರೋಗಕ್ಕೆ ಊರ ಹತ್ತಿರವೇ ಚಿಕಿತ್ಸೆ ಸಿಗುವಂತೆ ಮಾಡಿದರು. 1996ರಲ್ಲಿ ದೇಶದಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿ. ಪ್ರತಿಸಲ ಬೆಂಗಳೂರಿನ ಬಸ್ಸು ಹತ್ತದಿರುವುದೇ ನನ್ನಂಥವರಿಗೆ ಎಷ್ಟೋ ಆಯಿತು.

ಮದುವೆ ಮಾಡಿದರೆ ಸರಿಹೋಗುತ್ತಾನೆ ಅನ್ನುವ ನೆಂಟರಿಗೆ ನನ್ನದು ಒಂದೇ ಪ್ರಶ್ನೆ: ನಿಮ್ಮ ಮಗಳನ್ನು ಕೊಡುತ್ತೀರಾ? ಆಮೇಲೆ ಚಹಾ ಕುಡಿದು ಹೋಗುತ್ತಾರೆ.

ಈಗ ಅವನು ಬೆಳಿಗ್ಗೆ ಹೊತ್ತು ನನ್ನ ತಮ್ಮನ ಕಿರಾಣಿ ಅಂಗಡಿಯಲ್ಲಿ ಉದ್ರಿ ಲೆಕ್ಕ ಬರೆಯುತ್ತಾನೆ. ಗಿರಾಕಿಗಳ ಗದ್ದಲ ಏರುವ ಮೊದಲೇ ಮನೆಗೆ ಬರುತ್ತಾನೆ. ಬೇಸಿಗೆಯಲ್ಲಿ ಇನ್ನೂ ಬೇಗ.