ಕಲಬುರಗಿ ಲೈಸೆನ್ಸೂ ಬೇಕು, ಬ್ರಿಟನ್ ಲೈಸೆನ್ಸೂ ಬೇಕು: ನನ್ನ ಅನುಭವ

ಊರಿಗೆ ಬಂದಾಗಲೆಲ್ಲ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ. "ಅಣ್ಣಾ, ಅಲ್ಲಿ ಲೈಸೆನ್ಸ್ ತಗೊಂಡ ಮ್ಯಾಲ ಇಲ್ಲಿಂದು ಕ್ಯಾನ್ಸಲ್ ಆಗ್ತದೇನ್ರಿ? ಎರಡೂ ಇಟ್ಕೊಂಡ್ರ ಕೇಸ್ ಆಗ್ತದಾ?" ಕೇಳುವವರು ಹೆಚ್ಚಾಗಿ ವೀಸಾಕ್ಕೆ ಕಾಯುತ್ತಿರುವ ಹುಡುಗ ಹುಡುಗಿಯರು. ನರ್ಸಿಂಗ್ ಮುಗಿಸಿದವರು, ಇಂಜಿನಿಯರಿಂಗ್ ಮುಗಿಸಿದವರು. ಫೋನಿನಲ್ಲಿ ಎಷ್ಟು ಹೇಳಿದರೂ ಅರ್ಧ ಉಳಿದುಬಿಡುತ್ತದೆ. ಅದಕ್ಕೇ ಇಲ್ಲಿ ಪೂರ್ತಿ ಬರೆಯುತ್ತಿದ್ದೇನೆ.

ಕ್ಯಾನ್ಸಲ್ ಆಗುವುದಿಲ್ಲ. ಕೇಸೂ ಆಗುವುದಿಲ್ಲ. ನನ್ನ ಹತ್ತಿರ ಎರಡೂ ಇವೆ. ಒಂದು 2004ರಲ್ಲಿ ಮಾಡಿಸಿದ್ದು, ಆಗ ಊರಿನ ಹೆಸರು ಇನ್ನೂ ಗುಲಬರ್ಗಾ. ಇನ್ನೊಂದು 2019ರಲ್ಲಿ ಬ್ರಿಟನ್ನಿನಲ್ಲಿ ಪರೀಕ್ಷೆ ಪಾಸಾಗಿ ಪಡೆದದ್ದು.

ಜನಕ್ಕೆ ಈ ಹೆದರಿಕೆ ಬಂದದ್ದು ನಮ್ಮ 1988ರ ಮೋಟಾರು ವಾಹನ ಕಾಯ್ದೆಯ 6ನೇ ಸೆಕ್ಷನ್‌ನಿಂದ. ಒಂದು ಲೈಸೆನ್ಸ್ ಚಾಲ್ತಿಯಲ್ಲಿರುವಾಗ ಇನ್ನೊಂದು ಇಟ್ಟುಕೊಳ್ಳಬಾರದು ಅಂತ ಅದು ಹೇಳುತ್ತದೆ. ಆದರೆ ಲೈಸೆನ್ಸ್ ಅಂದರೆ ಏನು ಅಂತ ಅದೇ ಕಾಯ್ದೆಯ 2ನೇ ಸೆಕ್ಷನ್ ಹೇಳಿದೆ: ಆ ಕಾಯ್ದೆಯ ಕೆಳಗೆ ಕೊಟ್ಟದ್ದು ಮಾತ್ರ. ಅಂದರೆ ಕಲಬುರಗಿಯಲ್ಲೊಂದು, ಬೆಂಗಳೂರಿನಲ್ಲೊಂದು ಇಟ್ಟುಕೊಂಡರೆ ತಪ್ಪು. ಬೇರೆ ದೇಶ ಕೊಟ್ಟ ಕಾರ್ಡು ಆ ಮಾತಿನೊಳಗೆ ಬರುವುದಿಲ್ಲ.

ಬ್ರಿಟನ್ ಕಡೆಯಿಂದ ನೋಡಿದರೂ ತೊಂದರೆ ಇಲ್ಲ. ಜಪಾನ್, ಸಿಂಗಾಪುರ, ದಕ್ಷಿಣ ಆಫ್ರಿಕಾ, ಹೀಗೆ ಕೆಲವು ದೇಶಗಳ ಲೈಸೆನ್ಸ್ ಇದ್ದವರು ಪರೀಕ್ಷೆ ಇಲ್ಲದೆ ಅದನ್ನು ಬ್ರಿಟನ್ ಲೈಸೆನ್ಸಿಗೆ ಬದಲಾಯಿಸಿಕೊಳ್ಳಬಹುದು. ಆದರೆ ಹಳೇ ಕಾರ್ಡನ್ನು ಒಪ್ಪಿಸಿಬಿಡಬೇಕು. ಭಾರತ ಆ ಪಟ್ಟಿಯಲ್ಲಿ ಇಲ್ಲ. ಹಾಗಾಗಿ ನಾವು ಮೊದಲಿಂದ ಪರೀಕ್ಷೆ ಬರೆಯಬೇಕು. ಬದಲಾವಣೆಯೇ ಇಲ್ಲವಾದ್ದರಿಂದ ನಮ್ಮ ಕಾರ್ಡನ್ನು ಯಾರೂ ಕೇಳುವುದೂ ಇಲ್ಲ.

ಎರಡೂ ಇಟ್ಟುಕೊಳ್ಳಬಹುದು ಅಂದ ಮಾತ್ರಕ್ಕೆ ಎರಡೂ ಎಲ್ಲಾ ಕಡೆ ನಡೆಯುತ್ತವೆ ಅಂತಲ್ಲ. ಎಡವುವವರೆಲ್ಲ ಎಡವುವುದು ಇಲ್ಲೇ. ಬ್ರಿಟನ್ನಿನಲ್ಲಿ ವಾಸಕ್ಕೆ ಬಂದ ದಿನದಿಂದ 12 ತಿಂಗಳು ಭಾರತದ ಲೈಸೆನ್ಸ್ ಮೇಲೆ ಕಾರು ಓಡಿಸಬಹುದು. ಎಲ್ ಬೋರ್ಡು ಬೇಡ, ಪಕ್ಕದಲ್ಲಿ ಯಾರೂ ಕೂರಬೇಕಿಲ್ಲ. 12 ತಿಂಗಳು ಮುಗಿದ ಮರುದಿನ ಅದೇ ಕಾರ್ಡು ಅಲ್ಲಿನ ರಸ್ತೆಯ ಮಟ್ಟಿಗೆ ಇದ್ದೂ ಇಲ್ಲದ ಹಾಗೆ. ನಡುವೆ ಊರಿಗೆ ಹೋಗಿ ಬಂದರೆ ಲೆಕ್ಕ ಹೊಸದಾಗಿ ಶುರುವಾಗುವುದಿಲ್ಲ. ಕಾರ್ಡಿನ ಮೇಲೆ ಇನ್ನೂ ಹತ್ತು ವರ್ಷದ ಅವಧಿ ಇದೆಯಲ್ಲ ಅಂತ ಓಡಿಸಿದರೆ ಅದು ಲೈಸೆನ್ಸ್ ಇಲ್ಲದ ಚಾಲನೆ. ಲೈಸೆನ್ಸ್ ಇಲ್ಲ ಅಂದರೆ ಇನ್ಶೂರೆನ್ಸೂ ಕೈಕೊಡುತ್ತದೆ. ಇನ್ಶೂರೆನ್ಸ್ ಇಲ್ಲದೆ ಸಿಕ್ಕಿಬಿದ್ದರೆ 300 ಪೌಂಡ್ ದಂಡ, ಜೊತೆಗೆ 6 ಪೆನಾಲ್ಟಿ ಪಾಯಿಂಟ್. ಅಲ್ಲಿ ಹೊಸದಾಗಿ ಪಾಸಾದವರಿಗೆ ಮೊದಲ ಎರಡು ವರ್ಷದಲ್ಲಿ 6 ಪಾಯಿಂಟ್ ಬಿದ್ದರೆ ಲೈಸೆನ್ಸೇ ಹೋಗುತ್ತದೆ. ಆ ಪಾಯಿಂಟ್ ಸುಮ್ನೆ ಬರೆದಿಡುವ ಅಂಕಿ ಅಲ್ಲ.

ನಾನು ಇಂಗ್ಲೆಂಡಿನ ಲೆಸ್ಟರ್ ಊರಿಗೆ ಹೋದ ಮೇಲೆ ಮನೆ ವಿಳಾಸ ಸಿಕ್ಕ ಕೂಡಲೇ ಮಾಡಿದ ಮೊದಲ ಕೆಲಸ ಪ್ರೊವಿಷನಲ್ ಲೈಸೆನ್ಸಿಗೆ ಅರ್ಜಿ ಹಾಕಿದ್ದು. ನಮ್ಮ ಎಲ್‌ಎಲ್‌ ಇದ್ದ ಹಾಗೆ ಅದು, ಕಲಿಯುವವರ ಲೈಸೆನ್ಸ್. ಅಂಚೆ ಕಚೇರಿಯಲ್ಲಿ ಡಿ1 ಅನ್ನುವ ಫಾರ್ಮ್ ಸಿಗುತ್ತದೆ. ಅದನ್ನು ತುಂಬಿ ಸ್ವಾನ್ಸಿ ಊರಿನಲ್ಲಿರುವ, ಲೈಸೆನ್ಸ್ ಕೊಡುವ ಡಿವಿಎಲ್‌ಎ ಕಚೇರಿಗೆ ಕಳಿಸಿದೆ. ಅಂಚೆಯಲ್ಲಿ 43 ಪೌಂಡ್, ಆನ್‌ಲೈನಿನಲ್ಲಿ 34. ಕನಿಷ್ಠ 185 ದಿನ ಅಲ್ಲಿ ಇರಲು ಅನುಮತಿ ಇದ್ದವರಿಗೆ ಮಾತ್ರ ಕೊಡುತ್ತಾರೆ. ಪ್ರೊವಿಷನಲ್ ಕೈಗೆ ಬಂದರೂ ಮೊದಲ 12 ತಿಂಗಳ ಹಕ್ಕು ಹಾಗೇ ಉಳಿಯುತ್ತದೆ. ಅದೇ ದೊಡ್ಡ ಅನುಕೂಲ. ಒಂದು ಸಣ್ಣ ಹಳೇ ಕಾರು ಕೊಂಡೆ. ಭಾರತದ ಲೈಸೆನ್ಸ್ ಮೇಲೆ ಇನ್ಶೂರೆನ್ಸ್ ಜಾಸ್ತಿ ಬಿತ್ತು. ಆದರೆ ಪರೀಕ್ಷೆ ಮುಗಿಯುವವರೆಗೆ ದಿನಾ ನಾನೊಬ್ಬನೇ ಓಡಿಸಿ ಅಭ್ಯಾಸ ಮಾಡಿಕೊಂಡೆ. 12 ತಿಂಗಳು ಮುಗಿಯಲಿ ಅಂತ ಕಾದವರಿಗೆ ಈ ಭಾಗ್ಯ ಇಲ್ಲ. ಎಲ್ ಬೋರ್ಡು ಹಾಕಿಕೊಂಡು, 21 ದಾಟಿದ, 3 ವರ್ಷ ಲೈಸೆನ್ಸ್ ಇದ್ದವರನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಓಡಿಸಬೇಕು. ಡ್ಯೂಟಿಗೆ ಹೋಗಲು ದಿನಾ ಯಾರನ್ನು ಕರೆಯುತ್ತೀರಿ?

ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಬೇಕಾ ಅಂತ ಬಹಳ ಜನ ಕೇಳುತ್ತಾರೆ. ಬ್ರಿಟನ್ನಿಗೆ ಕಡ್ಡಾಯ ಇಲ್ಲ, ನಾನು ಮಾಡಿಸಲಿಲ್ಲ. ಕಾರು ಬಾಡಿಗೆಗೆ ಕೊಡುವವರು ಕೆಲವರು ಕೇಳಬಹುದು. ನಿಮ್ಮ ಆರ್‌ಟಿಒದಲ್ಲಿ 4ಎ ಫಾರ್ಮ್ ತುಂಬಿ 1000 ರೂಪಾಯಿ ಕಟ್ಟಿದರೆ ಒಂದು ವರ್ಷಕ್ಕೆ ಸಿಗುತ್ತದೆ. ಆದರೆ ಅದು ಆ 12 ತಿಂಗಳನ್ನು ಒಂದು ದಿನವೂ ಹಿಗ್ಗಿಸುವುದಿಲ್ಲ.

ಥಿಯರಿ ಪರೀಕ್ಷೆಗೆ 23 ಪೌಂಡ್. 57 ನಿಮಿಷದಲ್ಲಿ 50 ಪ್ರಶ್ನೆ, 43 ಸರಿ ಇರಬೇಕು. ಓದಿಕೊಂಡರೆ ಆಗುವ ಕೆಲಸ ಇದು. ಕಷ್ಟ ಇರುವುದು ಅದರ ಎರಡನೇ ಭಾಗದಲ್ಲಿ. 14 ಸಣ್ಣ ವಿಡಿಯೊ ತೋರಿಸುತ್ತಾರೆ. ಅಪಾಯ ಬೆಳೆಯುತ್ತಿದೆ ಅನ್ನಿಸಿದಾಗ ಮೌಸ್ ಒತ್ತಬೇಕು. ಎಷ್ಟು ಬೇಗ ಒತ್ತುತ್ತೀರೋ ಅಷ್ಟು ಅಂಕ, ಒಂದು ಅಪಾಯಕ್ಕೆ ಹೆಚ್ಚೆಂದರೆ 5. ಒಂದು ವಿಡಿಯೊದಲ್ಲಿ ಎರಡು ಅಪಾಯ ಇರುವುದರಿಂದ ಒಟ್ಟು 75, ಅದಕ್ಕೆ 44 ಬೇಕು.

ನಮ್ಮ ಕಡೆ ಗಾಡಿ ಹೊಡೆದವರ ಕಣ್ಣು ಬಹಳ ಚುರುಕು. ಕಲಬುರಗಿಯ ಸೂಪರ್ ಮಾರ್ಕೆಟ್ ಪ್ರದೇಶದಲ್ಲಿ ಸಂಜೆ ಹೊತ್ತು ಕಾರು ಓಡಿಸಿ ನೋಡಿ. ಆಟೊ ಯಾವ ಕಡೆ ತಿರುಗುತ್ತದೆ, ಬಾಳೆಹಣ್ಣಿನ ಗಾಡಿ ಹಿಂದಿನಿಂದ ಯಾವ ಮಗು ಓಡಿ ಬರುತ್ತದೆ, ಎಲ್ಲಾ ಮೊದಲೇ ಗೊತ್ತಾಗಿಬಿಡುತ್ತದೆ. ಈ ಪರೀಕ್ಷೆಯಲ್ಲಿ ಅದೇ ಅಡ್ಡ ಬರುತ್ತದೆ. ವಿಡಿಯೊದಲ್ಲಿ ದೂರದಲ್ಲಿ ನಿಂತ ವ್ಯಾನ್ ಕಂಡ ತಕ್ಷಣ ನಾವು ಒತ್ತಿಬಿಡುತ್ತೇವೆ. ಕಂಪ್ಯೂಟರಿನ ಲೆಕ್ಕದಲ್ಲಿ ಅಪಾಯ ಇನ್ನೂ ಶುರುವಾಗಿರುವುದಿಲ್ಲ. ಆ ವ್ಯಾನ್ ಇಂಡಿಕೇಟರ್ ಹಾಕಿ ಅಲುಗಿದಾಗಲೇ ಅಂಕದ ಬಾಗಿಲು ತೆರೆಯುವುದು. ಅದಕ್ಕೆ ಮುಂಚೆ ಒತ್ತಿದ್ದಕ್ಕೆ ಸೊನ್ನೆ. ಹಾಗಂತ ಪಟಪಟ ಒತ್ತುತ್ತಾ ಹೋದರೆ ಮೋಸ ಅಂತ ಹಿಡಿದು ಆ ವಿಡಿಯೊಗೇ ಸೊನ್ನೆ ಕೊಡುತ್ತದೆ. ನಾನು ಕಂಡುಕೊಂಡ ದಾರಿ ಇದು: ಕಂಡಾಗ ಒಂದು ಸಲ, ಅದು ನಿಜಕ್ಕೂ ಅಲುಗಿದಾಗ ಇನ್ನೊಂದು ಸಲ. ನಮ್ಮೂರಿನಿಂದ ಬಂದವರಿಗೆ ನಾನು ಮೊದಲು ಹೇಳಿಕೊಡುವುದು ಇದನ್ನೇ.

ರಸ್ತೆ ಪರೀಕ್ಷೆಗೆ ವಾರದ ದಿನಗಳಲ್ಲಿ 62 ಪೌಂಡ್. ಸುಮಾರು 40 ನಿಮಿಷ ಓಡಿಸಬೇಕು. ಸಣ್ಣ ತಪ್ಪು 15ರವರೆಗೆ ಮಾಫಿ, ಗಂಭೀರ ತಪ್ಪು ಒಂದೇ ಆದರೂ ಫೇಲ್. ಹೆಚ್ಚುಕಡಿಮೆ ಅರ್ಧ ಜನ ಫೇಲ್ ಆಗುವ ಪರೀಕ್ಷೆ ಇದು. ಅಲ್ಲಿಯೂ ಎಡಗಡೆಯೇ ಓಡಿಸುತ್ತಾರೆ, ಸ್ಟೀರಿಂಗ್ ಬಲಕ್ಕೇ ಇರುತ್ತದೆ. ಆದ್ದರಿಂದ ನಮಗೆ ಕೈಕಾಲು ಹೊಸದಾಗಿ ಕಲಿಯಬೇಕಿಲ್ಲ, ಕುತ್ತಿಗೆ ಕಲಿಯಬೇಕು. ಹೊರಡುವ ಮೊದಲು ಒಳಗಿನ ಕನ್ನಡಿ, ಪಕ್ಕದ ಕನ್ನಡಿ, ಆಮೇಲೆ ಭುಜದ ಮೇಲಿಂದ ತಿರುಗಿ ಹಿಂದೆ. ಇದನ್ನು ಪರೀಕ್ಷಕರಿಗೆ ಕಾಣುವ ಹಾಗೆ ಮಾಡಬೇಕು. ಕಣ್ಣಂಚಿನಲ್ಲಿ ನೋಡಿದ್ದು ಅವರ ಹಾಳೆಯಲ್ಲಿ ಬರುವುದಿಲ್ಲ. ಸರ್ಕಲ್‌ನಲ್ಲಿ ಬಲಗಡೆಯಿಂದ ಬರುವವರಿಗೆ ದಾರಿ ಬಿಡಬೇಕು. ನಮ್ಮ ಜಗತ್ ಸರ್ಕಲ್‌ನಲ್ಲಿ ಮೂತಿ ತೂರಿಸಿದವನಿಗೆ ದಾರಿ. ಆ ರೂಢಿ ಬಿಡಲು ಒಬ್ಬ ಒಳ್ಳೆಯ ಇನ್‌ಸ್ಟ್ರಕ್ಟರ್ ಬೇಕೇ ಬೇಕು. ಕೆಲವು ಪಾಠವಾದರೂ ತಗೊಳ್ಳಿ, ಆ ದುಡ್ಡು ವ್ಯರ್ಥವಲ್ಲ. ಇನ್ನೊಂದು ಮಾತು: ಆಟೊಮ್ಯಾಟಿಕ್ ಕಾರಿನಲ್ಲಿ ಪಾಸಾದರೆ ಆಟೊಮ್ಯಾಟಿಕ್ ಮಾತ್ರ ಓಡಿಸಬಹುದು. ಗೇರ್ ಗಾಡಿ ಬರುವವರು ಗೇರ್ ಗಾಡಿಯಲ್ಲೇ ಪರೀಕ್ಷೆ ಕೊಡಿ.

ಬ್ರಿಟನ್ ಕಾರ್ಡು ಬಂದ ಮೇಲೆ ಬಹಳ ಜನ ಕಲಬುರಗಿ ಕಾರ್ಡನ್ನು ಕಪಾಟಿಗೆ ಹಾಕಿ ಮರೆತುಬಿಡುತ್ತಾರೆ. ನನಗೆ ಅದು ಸರಿ ಕಾಣುವುದಿಲ್ಲ. ಹೈದರಾಬಾದಿನಲ್ಲಿ ಇಳಿದು ಜಹೀರಾಬಾದ್, ಹುಮನಾಬಾದ್ ಮೇಲೆ ಊರಿಗೆ ಬರುವಾಗ ಅಪ್ಪಾಜಿಗೆ ವಯಸ್ಸಾಗಿದೆ, ಕಾರು ನಾನೇ ಓಡಿಸುತ್ತೇನೆ. ಗಾಣಗಾಪುರಕ್ಕೆ ಹೋದರೂ ನಾನೇ. ಆ ದಾರಿಯಲ್ಲಿ ರಾತ್ರಿ ಹಿಂದಿನ ದೀಪ ಇಲ್ಲದ ಕಬ್ಬಿನ ಟ್ರ್ಯಾಕ್ಟರ್ ಇರುತ್ತವೆ, ಸೇಡಂ ಕಡೆ ಹೋದರೆ ಸಿಮೆಂಟ್ ಲಾರಿ. ಅಪ್ಪಾಜಿ ಕಾರಿನ ಪಾಲಿಸಿ ತೆಗೆದು ಒಂದು ಸಲ ಓದಿದೆ. ಅಪಘಾತದ ಹೊತ್ತಿಗೆ ಓಡಿಸುವವರ ಹತ್ತಿರ ಚಾಲ್ತಿಯಲ್ಲಿರುವ ಲೈಸೆನ್ಸ್ ಇರಬೇಕು ಅಂತ ಸ್ಪಷ್ಟವಾಗಿ ಇದೆ. ಅದು ಇಲ್ಲದೆ ಯಾರಿಗಾದರೂ ಪೆಟ್ಟಾದರೆ ಆ ಹೊರೆ ಬೀಳುವುದು ಊರಿನಲ್ಲಿರುವ ತಂದೆತಾಯಿಯ ಮೇಲೆ.

ನನ್ನ ಹಳೇ ಕಾರ್ಡಿನ ಅವಧಿ 2024ಕ್ಕೆ ಮುಗಿಯುತ್ತಿತ್ತು. ಆಗೆಲ್ಲ 20 ವರ್ಷ ಅಥವಾ 50 ತುಂಬುವವರೆಗೆ, ಯಾವುದು ಮೊದಲೋ ಅಷ್ಟಕ್ಕೆ ಕೊಡುತ್ತಿದ್ದರು. 2019ರ ತಿದ್ದುಪಡಿ ಆದಮೇಲೆ ಲೆಕ್ಕ ಬೇರೆ. 30ರಿಂದ 50 ವರ್ಷದೊಳಗಿನವರಿಗೆ 10 ವರ್ಷ. ಅವಧಿ ಮುಗಿದ ಮೇಲೂ 30 ದಿನ ನಡೆಯುತ್ತದೆ ಅಂತ ಹಿರಿಯರು ಹೇಳುತ್ತಾರಲ್ವಾ, ಆ ರಿಯಾಯಿತಿ ಈಗ ಇಲ್ಲ. ರಿನ್ಯೂವಲ್ ಅರ್ಜಿಯನ್ನು ಮುಗಿಯುವ ಒಂದು ವರ್ಷ ಮೊದಲಿನಿಂದ ಮುಗಿದ ಒಂದು ವರ್ಷದವರೆಗೆ ಹಾಕಬಹುದು. ಅದೂ ದಾಟಿದರೆ ಮತ್ತೆ ಟೆಸ್ಟ್ ಕೊಡಬೇಕು. ವರ್ಷಕ್ಕೊಮ್ಮೆ ಊರಿಗೆ ಬರುವವರಿಗೆ ಈ ಎರಡು ವರ್ಷದ ಅವಕಾಶ ಸಾಕು, ಆದರೆ ತಾರೀಖು ನೆನಪಿರಬೇಕು.

ಹಳೇ ಲೈಸೆನ್ಸ್‌ಗಳಲ್ಲಿ ಎಷ್ಟೋ, ಸರ್ಕಾರದ ಲೈಸೆನ್ಸ್ ವೆಬ್‌ಸೈಟ್ ಆದ ಸಾರಥಿ ಪೋರ್ಟಲ್‌ಗೆ ಏರಿರುವುದಿಲ್ಲ. ನನ್ನದೂ ಇರಲಿಲ್ಲ. ಲ್ಯಾಮಿನೇಷನ್ ಮಾಡಿದ ಕಾರ್ಡು, ಅಡ್ಡಗೆರೆ ಹಾಕಿ ಇಸವಿ ಬರೆದ ಹಳೇ ನಂಬರು. ಪೋರ್ಟಲ್ ಕೇಳುವುದು ಕೆಎ32 ಅಂತ ಶುರುವಾಗುವ ಉದ್ದ ನಂಬರು. ಹೀಗಿದ್ದರೆ ಮೂಲ ಕಾರ್ಡು ಹಿಡಿದುಕೊಂಡು ಆರ್‌ಟಿಒ ಆಫೀಸಿಗೆ ಹೋಗಿ ಬ್ಯಾಕ್‌ಲಾಗ್ ಎಂಟ್ರಿ ಮಾಡಿಸಬೇಕು. ಅವರು ರಿಜಿಸ್ಟರ್ ನೋಡಿ ತಾಳೆ ಹಾಕಿ ಕಂಪ್ಯೂಟರಿಗೆ ಏರಿಸುತ್ತಾರೆ. ಅದಾದ ಮೇಲೆ ರಿನ್ಯೂವಲ್ ಸಲೀಸು. ನನಗೆ 40 ದಾಟಿದ್ದರಿಂದ ಡಾಕ್ಟರ್ ಸಹಿಯ 1ಎ ಫಾರ್ಮ್ ಬೇಕಾಯಿತು. ಹೊಸ ಕಾರ್ಡು ನಾನು ವಾಪಸ್ ಹೋದ ಮೇಲೆ ಮನೆಗೆ ಬಂತು. ಅಷ್ಟರಲ್ಲಿ ಡಿಜಿಲಾಕರ್‌ನಲ್ಲಿ ನನ್ನ ಫೋನಿಗೇ ಬಂದಿತ್ತು. ಪೊಲೀಸರು ಕೇಳಿದರೆ ಅದನ್ನು ತೋರಿಸಿದರೂ ನಡೆಯುತ್ತದೆ. ಇಲ್ಲಿ ಒಂದು ವಿಷಯ ಒತ್ತಿ ಹೇಳುತ್ತೇನೆ. ಆಧಾರ್‌ಗೆ ಜೋಡಿಸಿದ ಇಂಡಿಯಾ ನಂಬರನ್ನು ಸಾಯಲು ಬಿಡಬೇಡಿ. ಒಟಿಪಿ ಬರುವುದು ಅದಕ್ಕೇ. ರೀಚಾರ್ಜ್ ಇಲ್ಲದೆ ತಿಂಗಳುಗಟ್ಟಲೆ ಬಿಟ್ಟರೆ ನಂಬರೇ ಬೇರೆಯವರ ಪಾಲಾಗುತ್ತದೆ.

ನನ್ನ ಹೆಂಡತಿ ಕಾರು ಕಲಿತದ್ದೇ ಲೆಸ್ಟರಿನಲ್ಲಿ. ಅವಳ ಹತ್ತಿರ ಬ್ರಿಟನ್ ಲೈಸೆನ್ಸ್ ಒಂದೇ ಇದೆ. ಊರಿಗೆ ಬರುವ ಮೊದಲು ಅಲ್ಲಿನ ಪೇಪಾಯಿಂಟ್ ಅಂಗಡಿಯಲ್ಲಿ 5.50 ಪೌಂಡ್ ಕೊಟ್ಟು 1949ರ ಅಂತರರಾಷ್ಟ್ರೀಯ ರಸ್ತೆ ಸಂಚಾರ ಒಪ್ಪಂದದ ಇಂಟರ್‌ನ್ಯಾಷನಲ್ ಪರ್ಮಿಟ್ ಮಾಡಿಸಿಕೊಳ್ಳುತ್ತಾಳೆ. ಅದರ ಮೇಲೆ ಕಲಬುರಗಿಯಲ್ಲಿ ಕಾರು ಓಡಿಸಬಹುದು. ಆದರೆ ಅವ್ವನ ಆಕ್ಟಿವಾ ಮುಟ್ಟುವ ಹಾಗಿಲ್ಲ. ಅಲ್ಲಿ ಕಾರಿನ ಲೈಸೆನ್ಸಿಗೆ ಬೈಕಿನ ಹಕ್ಕು ಸೇರಿರುವುದಿಲ್ಲ, ಬೈಕಿಗೆ ಬೇರೆಯೇ ಪರೀಕ್ಷೆ. ನನ್ನ ಹಳೇ ಕಾರ್ಡಿನಲ್ಲಿ ಕಾರೂ ಇದೆ, ಗೇರ್ ಬೈಕೂ ಇದೆ. ಸಂತೆಗೆ ಹೋಗಲು ಗಾಡಿ ತೆಗೆಯುವಾಗಲೆಲ್ಲ ಅದರ ಬೆಲೆ ಗೊತ್ತಾಗುತ್ತದೆ. ಊರು ಬಿಡುವ ಮೊದಲು ಲೈಸೆನ್ಸ್ ಇಲ್ಲದವರು ಎರಡಕ್ಕೂ ಸೇರಿಸಿ ಮಾಡಿಸಿಕೊಂಡೇ ಹೋಗಿ.

ಬೇರೆ ದೇಶಕ್ಕೆ ಹೋಗುವವರು ನನ್ನ ಕಥೆಯನ್ನು ಹಾಗೇ ಅನ್ವಯಿಸಿಕೊಳ್ಳಬೇಡಿ. ಜರ್ಮನಿಯಲ್ಲಿ 12 ಅಲ್ಲ, 6 ತಿಂಗಳು. ಅಲ್ಲಿರುವ ನನ್ನ ಗೆಳೆಯನಿಗೆ ಹೊಸ ಲೈಸೆನ್ಸ್ ಕೊಡುವಾಗ ಭಾರತದ ಕಾರ್ಡನ್ನು ಇಸಿದುಕೊಂಡರು. ದುಬೈಯಲ್ಲಿ ವಾಸದ ವೀಸಾ ಆದಮೇಲೆ ನಮ್ಮ ಲೈಸೆನ್ಸ್ ನಡೆಯುವುದಿಲ್ಲ, ಅಲ್ಲಿನದ್ದು ತಗೊಳ್ಳಲೇಬೇಕು. ಕಷ್ಟಪಟ್ಟು ತಗೊಂಡವರಿಗೆ ಮುಂದೆ ಒಂದು ಲಾಭ ಇದೆ: 2021ರಿಂದ ಯುಎಇ ಬ್ರಿಟನ್ನಿನ ಪಟ್ಟಿಯಲ್ಲಿದೆ. ಅಲ್ಲಿಂದ ಬ್ರಿಟನ್ನಿಗೆ ಹೋದರೆ ಪರೀಕ್ಷೆ ಇಲ್ಲದೆ ಬದಲಾಯಿಸಿಕೊಳ್ಳಬಹುದು.

ಬ್ರಿಟನ್ನಿನಲ್ಲಿ ಮನೆ ಬದಲಿಸಿದಾಗಲೆಲ್ಲ ವಿಳಾಸ ತಿದ್ದಿಸಬೇಕು. ಅದಕ್ಕೆ ದುಡ್ಡಿಲ್ಲ, ಆದರೆ ತಿದ್ದಿಸದಿದ್ದರೆ 1000 ಪೌಂಡ್‌ವರೆಗೆ ದಂಡ ಬೀಳಬಹುದು. ಕಾರ್ಡನ್ನು 10 ವರ್ಷಕ್ಕೊಮ್ಮೆ ಹೊಸ ಫೋಟೊ ಕೊಟ್ಟು ಬದಲಿಸಬೇಕು. ನನ್ನದಕ್ಕೆ 2029, ಕಲಬುರಗಿ ಕಾರ್ಡಿಗೆ 2034. ಎರಡನ್ನೂ ಫೋನಿನ ಕ್ಯಾಲೆಂಡರಿನಲ್ಲಿ ಒಂದು ವರ್ಷ ಮುಂಚೆಯೇ ನೆನಪಿಸುವ ಹಾಗೆ ಹಾಕಿಟ್ಟಿದ್ದೇನೆ, ಊರಿನಲ್ಲಿ ತಂಗಿಗೂ ಬರೆದುಕೊಟ್ಟಿದ್ದೇನೆ.